ಕಹಿಯಾದ ಕಣ್ಣಿನ ಔಷಧಿ

"ಟೀಚರೇ, ಈ ಕುಸುಮಾ ಬಾಟ್ಲಿಲಿ ಬೇರೆ ಎಂತದೋ ತುಂಬಿ ಕೊಟ್ಟಿದ್ದಾಳೆ. ಆಪರೇಷನ್ನಿಗೆ ಮುಂಚೆ ಇದೇ ಔಷಧಿ ಕಣ್ಣಿಗೆ ಬಿಟ್ರೆ ಏನೂ ಆಗ್ತಿರ್ಲಿಲ್ಲ. ಈಗ ಬಿಟ್ಟ ಕೂಡ್ಲೇ ಗಂಟಲು ಕಹಿ, ಊಟ ಆದ್ಮೇಲೆ ಕಣ್ಣು ಉರಿದು ನೀರೋ ನೀರು."

ಭಂಡಿಗಡಿಯ ಸುಲೋಚನಮ್ಮ ಕೊಪ್ಪದ ಕಣ್ಣಿನ ಕ್ಲಿನಿಕ್ಕಿನ ಜಗಲಿಯಲ್ಲಿ ಕೂತು ದೂರುತ್ತಿದ್ದರೆ ನರ್ಸ್ ಕುಸುಮಾಳ ಮುಖ ಬಿಳಿಚಿಕೊಂಡಿತ್ತು. ಸಂಜೆಯೊಳಗೆ ಸತ್ಯ ಹೊರಬೀಳದಿದ್ದರೆ ಅವಳ ಕೆಲಸ ಹೋಗುತ್ತಿತ್ತು. ಡಾಕ್ಟರ್ ಯಶವಂತರು ಕರೆಸಿದ್ದು ಊರಿನ ಕಗ್ಗಂಟೆಲ್ಲ ಬಿಡಿಸುವ ನಿವೃತ್ತ ವಿಜ್ಞಾನ ಟೀಚರ್ ಶ್ರೀವಾಣಿಯವರನ್ನು. ಅವರನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದವನು ನಾನು, ರೇಣುಕಪ್ಪ.

ಸುಲೋಚನಮ್ಮನಿಗೂ ಪಕ್ಕದಲ್ಲೇ ಕೂತಿದ್ದ ಅವರ ಅಕ್ಕ ಪ್ರೇಮಕ್ಕನಿಗೂ ಬಲಗಣ್ಣಿನ ನೀರು ಮೂಗಿಗಿಳಿಯುವ ನಾಳ ಕಟ್ಟಿತ್ತು. ಅಕ್ಕನಿಗೆ ಮೂಗಿನ ಪಕ್ಕ ಕೊಯ್ದು ದಾರಿ ಮಾಡಿದ್ದರು, ಸಣ್ಣ ಗಾಯದ ಗುರುತಿತ್ತು. ತಂಗಿಗೆ ಮೂಗಿನ ಒಳಗಿಂದಲೇ ಮಾಡಿದ್ದರು.

"ಮೂಗಿನೊಳಗಿನ ಆಪರೇಷನ್ನೇ ಕೆಟ್ಟಿರ್ಬೇಕು," ಎಂದೆ.

"ಸ್ವಲ್ಪ ತಡಿ ಮಾರಾಯ," ಎಂದರು ಶ್ರೀವಾಣಿ.

ಸುಲೋಚನಮ್ಮ ವೀಳ್ಯದೆಲೆಗೆ ಸುಣ್ಣ ಹಚ್ಚಿ, ಬೆರಳನ್ನು ಸೆರಗಿನ ತುದಿಗೆ ಒರೆಸಿ, ನನಗೊಂದು ಕವಳ ಕೊಟ್ಟರು. ನಾನು ಖುಷಿಯಿಂದ ಬಾಯಿಗೆ ಹಾಕಿಕೊಂಡೆ. ಶ್ರೀವಾಣಿ ಮಾತ್ರ ಅವರ ಕೆಂಪು ಸೆರಗನ್ನೇ ನೋಡುತ್ತಿದ್ದರು.

"ಪ್ರೇಮಕ್ಕ, ನಿಮಗೂ ಅದೇ ಔಷಧಿ. ಕಹಿ ಆಗುತ್ತಾ?"

"ಆಗುತ್ತಪ್ಪ. ಔಷಧಿ ಅಂದ್ಮೇಲೆ ಕಹಿ ಇರಲ್ವಾ ಅಂತ ಸುಮ್ನಿದ್ದೆ."

ಶ್ರೀವಾಣಿ ಎಲ್ಲರನ್ನೂ ಒಳಗೆ ಕೂರಿಸಿದರು. "ಔಷಧಿ ಬದಲಾಗಿಲ್ಲ. ಮುಂಚೆ ನಾಳ ಕಟ್ಟಿತ್ತು, ಔಷಧಿ ಮೂಗಿನಿಂದ ಗಂಟಲಿಗೆ ಇಳೀತಿರ್ಲಿಲ್ಲ. ಈಗ ಇಬ್ಬರಿಗೂ ಇಳೀತಿದೆ. ಕೊಯ್ದಿದ್ದಾದ್ರೂ, ಮೂಗಿನೊಳಗಿಂದ ಮಾಡಿದ್ದಾದ್ರೂ, ಎರಡು ದಾರಿನೂ ತೆರೆದಿದೆ ಅನ್ನೋದಕ್ಕೆ ಆ ಕಹಿನೇ ಸಾಕ್ಷಿ."

"ಮತ್ತೆ ಉರಿ?" ಡಾಕ್ಟರ್ ಕೇಳಿದರು.

"ಉರಿ ಊಟ ಆದ್ಮೇಲೆ, ಅಂದ್ರೆ ಕವಳ ಹಾಕೋ ಹೊತ್ತಿಗೆ. ಸೆರಗಿನ ತುದಿಲಿ ಬಿಳಿ ಕಲೆ ನೋಡಿ, ಸುಣ್ಣ. ವರ್ಷಗಟ್ಟಲೆ ಬಲಗಣ್ಣು ಒರೆಸಿದ ಅಭ್ಯಾಸ. ಆಗ ಸದಾ ಸುರಿಯೋ ನೀರು ಸುಣ್ಣನ ತೊಳೀತಿತ್ತು. ಈಗ ನೀರು ನಿಂತರೂ ಕೈ ನಿಂತಿಲ್ಲ. ನಾನು ಬಂದ ಮೇಲೇ ಎರಡು ಸಲ ಒರೆಸಿದ್ದೀರಿ, ಸುಲೋಚನಮ್ಮ."

ಸೆರಗು ಹಿಡಿದಿದ್ದ ಸುಲೋಚನಮ್ಮನ ಕೈ ಅರ್ಧಕ್ಕೇ ನಿಂತಿತು. ಡಾಕ್ಟರ್ ತಕ್ಷಣ ಕಣ್ಣು ತೊಳೆಸಲು ಕರೆದೊಯ್ದರು. ನನಗೆ ಬಾಯಲ್ಲಿದ್ದ ಕವಳ ನುಂಗಲೋ ಉಗುಳಲೋ ತಿಳಿಯಲಿಲ್ಲ.

ಅವರು ಹೊರಬರುವ ಹೊತ್ತಿಗೆ ಕುಸುಮಾ ಮೂಲೆಯಲ್ಲಿ ನಿಂತು ಅಳುತ್ತಿದ್ದಳು. ಸುಲೋಚನಮ್ಮ ಅವಳ ಕಣ್ಣೊರೆಸಲು ಸೆರಗೆತ್ತಿದವರು ತಟ್ಟನೆ ಬಿಟ್ಟುಬಿಟ್ಟರು. ತಿರುಗಿ ಹೋಗಿ, ಸೋಪು ಹಚ್ಚಿ ಎರಡೆರಡು ಸಲ ಕೈ ತೊಳೆದು ಬಂದರು.

"ತಪ್ಪಾಯ್ತು ಮಗಾ," ಎನ್ನುತ್ತ ಬರಿಗೈಯಿಂದಲೇ ಅವಳ ಕೆನ್ನೆ ಒರೆಸಿದರು.