ಖಾಲಿ ಅನ್ನುವ ಗುರುತು

"ಸೊನ್ನೆ ಅಂದ್ರೆ ಖಾಲಿ ಅಂತ ನಿಮಗ್ಯಾರು ಹೇಳಿದ್ದು?"

ಅವಳು ಅವನೊಡನೆ ಆಡಿದ ಮೊದಲ ಮಾತೇ ಇದು.

ಕಂಪ್ಯೂಟರಿನ ತಿರುಳನ್ನೇ ನಡೆಸುವ ಕರ್ನಲ್ ಎಂಬ ಕೋಡಿನ ರಿವ್ಯೂ ಅವಳ ಕೆಲಸ. ಯಾರೇ ಬರೆದಿರಲಿ, ಅವಳು ಒಪ್ಪದೆ ಒಂದು ಸಾಲೂ ಒಳಗೆ ಹೋಗುವಂತಿರಲಿಲ್ಲ. ಮೊಸರಲ್ಲಿ ಕಲ್ಲು ಹುಡುಕುತ್ತಾಳೆಂದು ಆಫೀಸಿನವರು ಬೆನ್ನ ಹಿಂದೆ ಅವಳನ್ನು 'ಅತ್ತೆ' ಎನ್ನುತ್ತಿದ್ದರು. ಕಾಂಟ್ರ್ಯಾಕ್ಟಿನ ಮೇಲೆ ಬಂದಿದ್ದ ಈತ ಮಾತ್ರ ಎದುರಿಗೇ ಅಂದುಬಿಟ್ಟ.

"ತಪ್ಪಾಯ್ತು ಅತ್ತೆಯವರೇ. ಬಿಡಿಸಿ ಹೇಳಿ."

ಬಂದ ನಗುವನ್ನು ತುಟಿಯಲ್ಲೇ ಕಚ್ಚಿ ಹಿಡಿದು ಅವಳು ಹೇಳಿದಳು. ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರುಗಳಿವೆಯೆಂದು ನಂಬಿಸುವ ಕೋಡು ಅದು. 'ಇಲ್ಲಿ ಮೆಮೊರಿಯ ಯಾವ ಪುಟವೂ ಇಲ್ಲ' ಎಂದು ಸೂಚಿಸಲು ಅವನು ವಿಳಾಸದ ಜಾಗದಲ್ಲಿ ಸೊನ್ನೆ ಇಟ್ಟಿದ್ದ. ಆದರೆ ಕೆಲವು ಪ್ರೊಸೆಸರುಗಳಿಗೆ ಸೊನ್ನೆಯೂ ನಿಜವಾದ ವಿಳಾಸವೇ. ಅಲ್ಲಿ ಪುಟವೊಂದು ತನ್ನ ಪಾಡಿಗೆ ತಾನಿದ್ದರೆ, ಕೋಡು ಅದನ್ನು ಇಲ್ಲವೆಂದೇ ಎಣಿಸುತ್ತದೆ.

"ಖಾಲಿ ಅನ್ನೋಕೆ, ಯಾರೂ ಯಾವತ್ತೂ ಇರೋಕೆ ಸಾಧ್ಯವೇ ಇಲ್ಲದ ನಂಬರ್ ಬೇಕು."

ಅವನು ತಿದ್ದಿ ತಂದ. ಸೊನ್ನೆಯೇ ಇಲ್ಲದೆ ಎಲ್ಲ ಬಿಟ್ಟುಗಳೂ '1' ಆಗಿರುವ, ಎಲ್ಲಕ್ಕಿಂತ ದೊಡ್ಡ ಸಂಖ್ಯೆ. ಯಾವ ಪ್ರೊಸೆಸರಿನ ವಿಳಾಸವೂ ಅಷ್ಟು ದೂರ ಹೋಗದು. ಹಳೆಯ ಚಿಕ್ಕ ಪ್ರೊಸೆಸರುಗಳಲ್ಲಿ ಅದು ಹಿಡಿಸದೆ ತುದಿ ಕತ್ತರಿಸಿಹೋದರೆ ಗತಿಯೇನೆಂದು ಅವಳು ಹಿಂದಿರುಗಿಸಿದಳು. ಮತ್ತೆ ತಂದ. ಒಂದು ಮೂಲೆಯಲ್ಲಿ ಸೊನ್ನೆ ಹಾಗೇ ಉಳಿದಿತ್ತು. ಪ್ರತಿ ಸಲವೂ ಅವನು ಪಕ್ಕದ ಕುರ್ಚಿ ಎಳೆದುಕೊಂಡು ಕೂರುವನು. ಅವಳು ಪರದೆ ನೋಡುವಳು. ಅವನು ಪರದೆಯ ಬೆಳಕು ಬಿದ್ದ ಅವಳ ಕೆನ್ನೆ ನೋಡುವನು. ತಿರುಗಿದರೆ, ಏನೂ ಅರಿಯದವನಂತೆ ಕೀಬೋರ್ಡಿನ ಧೂಳು ಊದುವನು.

ಒಂದು ಮಧ್ಯಾಹ್ನ ಅಲ್ಲಿಯೇ ಅವನಿಗೆ ಫೋನು ಬಂತು. ಕೆಲಸ ಮುಗಿದ ಕೂಡಲೇ ಬರುತ್ತೇನೆಂದು ಮೆಲ್ಲನೆ ಹೇಳಿ ಇಟ್ಟ. ಅವಳು ಕೇಳದಿದ್ದರೂ ವಿಷಯ ತಿಳಿಸಿದ. ಅಪ್ಪ ಹಾಸಿಗೆ ಹಿಡಿದಾಗ ಹಗಲಿರುಳು ನೋಡಿಕೊಂಡ ಹುಡುಗಿಗೆ ಮದುವೆಯ ಮಾತು ಕೊಟ್ಟಿದ್ದಾನೆ. ಕೋಡು ಒಳಗೆ ಹೋದ ದಿನವೇ ಕಾಂಟ್ರ್ಯಾಕ್ಟ್ ಮುಗಿಯುತ್ತದೆ. ಅವನು ಊರಿಗೆ ಹೊರಡುತ್ತಾನೆ.

ಆಮೇಲೂ ಅವಳಿಗೆ ತಪ್ಪುಗಳು ಸಿಗುತ್ತಲೇ ಇದ್ದವು. ಹೆಸರು ಸರಿಯಿಲ್ಲ, ವಿವರಣೆ ಸಾಲದು.

ಕೊನೆಗೊಂದು ದಿನ ಎಲ್ಲ ಮಷೀನುಗಳಲ್ಲೂ ಕೋಡು ಪರೀಕ್ಷೆಯಲ್ಲಿ ಪಾಸಾಯಿತು. ಜರಡಿ ಹಿಡಿದರೂ ಕಲ್ಲಿರಲಿಲ್ಲ. ಒಪ್ಪಿಗೆಯ ಗುಂಡಿಯ ಮೇಲೆ ಅವಳ ಬೆರಳು ಸುಮ್ಮನೆ ನಿಂತಿತು.

"ಎರಡನೇ ಸಲದಿಂದ ಬೇಕಂತಲೇ ತಪ್ಪು ಬಿಡ್ತಿದ್ದೆ," ಎಂದ ಅವನು.

"ಗೊತ್ತು. ಎಲ್ಲ ಒಟ್ಟಿಗೇ ಕಾಣ್ತಿತ್ತು. ಬೇಕಂತಲೇ ಒಂದೊಂದಾಗಿ ಹಿಡೀತಿದ್ದೆ."

ಅವನು ಕೀಬೋರ್ಡಿನ ಮೇಲೆ ಇಲ್ಲದ ಧೂಳು ಊದಿದ. "ಇನ್ನೊಂದು ಬಿಡ್ಲಾ?"

ಅವಳಿಗೆ ಹೂಂ ಎನ್ನುವುದು ಎಷ್ಟು ಸುಲಭವಿತ್ತು.

"ಬೇಡ. ಅಲ್ಲೊಬ್ಬಳು ಕಾಯ್ತಿದ್ದಾಳೆ," ಎಂದು ಗುಂಡಿ ಒತ್ತಿದಳು.

ಅವನು ಕುರ್ಚಿಯನ್ನು ಮೊದಲಿದ್ದಲ್ಲಿಗೇ ಸರಿಸಿ, "ಬರ್ತೀನಿ, ಅತ್ತೆಯವರೇ," ಎಂದ. ಬರುವವನಲ್ಲವೆಂದು ಇಬ್ಬರಿಗೂ ತಿಳಿದಿತ್ತು.

ಮರುವಾರ ಹೊಸದಾಗಿ ಸೇರಿದ ಹುಡುಗಿ ಆ ಕುರ್ಚಿಯ ಬೆನ್ನು ಹಿಡಿದು, "ಮೇಡಂ, ಇದು ಖಾಲಿ ಇದೆಯಲ್ವಾ? ತಗೊಳ್ಲಾ?" ಎಂದಳು.

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇಲ್ಲಮ್ಮ. ಬೇರೆ ನೋಡ್ಕೋ."