ಗೈಡ್ ತಿದ್ದಿದ ಯಶೋಧರಾ

"ಇದೂ ಪ್ರಿಂಟ್ ಮಿಸ್ಟೇಕ್!"

ಜಗಲಿಯ ಮೇಲೆ ಕೂತಿದ್ದ ಯಶೋಧರಾ ಗೈಡ್‌ನ ಕೊನೆಯ ಪುಟದಲ್ಲಿದ್ದ ಉತ್ತರವನ್ನು ನೀಲಿ ಪೆನ್ನಿನಿಂದ ಹೊಡೆದುಹಾಕಿದಳು. ಅರ್ಧಕ್ಕೆ 0.5 ಎಂದು ಅಚ್ಚಾಗಿತ್ತು. ಅವಳು ಪಕ್ಕದಲ್ಲಿ 0.20 ಎಂದು ದುಂಡಗೆ ಬರೆದಳು. ಕಾಲಿಗೆ 0.10, ಮುಕ್ಕಾಲಿಗೆ 0.30. ಒಟ್ಟು ಒಂಬತ್ತು ಉತ್ತರ ತಿದ್ದಿದ್ದಾಯಿತು. ಇಂಥ ಪುಸ್ತಕ ಅಚ್ಚು ಹಾಕುವವರು ಎಷ್ಟು ದಡ್ಡರು ಎಂದು ಅವಳಿಗೆ ನಗು ಬಂತು.

"ಮೇಷ್ಟ್ರನ್ನ ಒಂದ್ ಮಾತು ಕೇಳವ್ವ," ಎಂದರು ಎಮ್ಮೆಗೆ ಹುಲ್ಲು ಹಾಕುತ್ತಿದ್ದ ತಾತ ಗುಂಡಯ್ಯ.

"ಬ್ಯಾಡ ತಾತ, ನಂಗೇ ಬತ್ತದೆ."

ಎರಡು ತಿಂಗಳಿಂದ ಅವಳ ಬಾಯಲ್ಲಿ ಇದೊಂದೇ ಮಾತು. ಹಿಂದೊಮ್ಮೆ ಕ್ಲಾಸಿನಲ್ಲಿ ದಶಮಾಂಶದ ಬಗ್ಗೆ ಡೌಟ್ ಕೇಳಿದಾಗ ಹಿಂದಿನ ಬೆಂಚಿನ ದಿಲೀಪ್ ಕಿಸಕ್ಕನೆ ನಕ್ಕಿದ್ದ. ಆಮೇಲೆ ಅವಳು ಕೈ ಎತ್ತಲೇ ಇಲ್ಲ. ತಿಳಿಯದ ಪುಟ ಬಂದರೆ ನೋಟ್‌ಬುಕ್ಕಿನ ಮೂಲೆ ಮಡಚಿ ಮುಂದಕ್ಕೆ ಹೋಗಿಬಿಡುತ್ತಿದ್ದಳು.

ಮುಂದಿನ ಭಾನುವಾರ ಮೊರಾರ್ಜಿ ಶಾಲೆಯ ಎಂಟ್ರೆನ್ಸ್. ಅಕ್ಕ ನಾಗಲಕ್ಷ್ಮಿ ಅಲ್ಲೇ ಹಾಸ್ಟೆಲಿನಲ್ಲಿದ್ದಾಳೆ. ತಾನೂ ಪಾಸಾಗಿ ಅಕ್ಕನ ಜೊತೆ ಇರಬೇಕೆಂದು ಯಶೋಧರಾಗೆ ಬಲು ಆಸೆ. ಅದಕ್ಕೇ ಬೆಳಿಗ್ಗೆ ಐದಕ್ಕೆಲ್ಲ ಎದ್ದು ಓದುತ್ತಾಳೆ. ಓದೆಂದರೆ ಅವಳಿಗೆ ಬೇಸರವಿಲ್ಲ. ಕೇಳುವುದೊಂದೇ ಆಗದು.

ಗೈಡ್ ಮಾತ್ರ ಅವಳದಲ್ಲ. ಚಂದ್ರಶೇಖರಯ್ಯ ಮೇಷ್ಟ್ರು ತಂದುಕೊಟ್ಟಿದ್ದು. ಪರೀಕ್ಷೆ ಬರೆಯುವವರೆಲ್ಲ ಸರದಿ ಮೇಲೆ ಮನೆಗೆ ಒಯ್ಯಬೇಕು. ಯಶೋಧರಾ ಆದಮೇಲೆ ಮೇಘಶ್ರೀ ಒಯ್ದಳು. ಮಾರನೆಯ ದಿನ ಅವಳು ಪುಸ್ತಕ ಹಿಡಿದು ನೆಟ್ಟಗೆ ಮೇಷ್ಟ್ರ ಮೇಜಿನ ಹತ್ತಿರ ಹೋದಳು.

"ಸಾ, ಯಾರೋ ಆನ್ಸರ್ ಎಲ್ಲಾ ಗೀಚಾಕವ್ರೆ! ನಾನು ಇದ್ನೇ ಬಾಯಿಪಾಠ ಮಾಡ್ಬುಟ್ಟೆ!"

ಯಶೋಧರಾ ಎದ್ದು ನಿಂತಳು.

"ನಾನೇ ಸಾ. ತಪ್ಪು ಪ್ರಿಂಟ್ ಆಗಿತ್ತು, ಸರಿ ಮಾಡ್ದೆ."

ಮೇಷ್ಟ್ರು ಕನ್ನಡಕ ಏರಿಸಿ ಒಂಬತ್ತೂ ಉತ್ತರ ಓದಿದರು. ಬೈಯಲಿಲ್ಲ.

"ಅರ್ಧಕ್ಕೆ 0.20, ಕಾಲಿಗೆ 0.10... ಸುಮ್ನೆ ಗೀಚಿಲ್ಲ ನೀನು. ಇದನ್ನ ಎಲ್ಲಿ ನೋಡಿದೆ ಮರಿ?"

"ನಮ್ಮ ಹೊಲದ ಪಾಣಿ ಕಾಗ್ದದಲ್ಲಿ ಸಾ. ನಮ್ದು ಅರ್ಧ ಎಕರೆ. ಅದ್ರಲ್ಲಿ 0.20 ಅಂತ್ಲೇ ಐತೆ. ತಾತಂಗೆ ನಾನೇ ಓದಿ ಹೇಳದು."

ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆ ನಗು ಚುಚ್ಚುವಂಥದ್ದಲ್ಲ ಎಂದು ಯಶೋಧರಾಗೆ ಗೊತ್ತಾಯಿತು.

"ಭಲೇ! ಪಹಣಿ ಸುಳ್ಳು ಹೇಳಿಲ್ಲ ಕಣಮ್ಮ. ಎಕರೆಗೆ ನಲವತ್ತು ಗುಂಟೆ, ಅರ್ಧ ಅಂದ್ರೆ ಇಪ್ಪತ್ತು. ಅಲ್ಲಿ ಚುಕ್ಕಿ ಆದ್ಮೇಲೆ ಬರೆಯೋದು ಗುಂಟೆ. ದಶಮಾಂಶದಲ್ಲಿ ಒಂದನ್ನ ಹತ್ತು ಭಾಗ ಮಾಡ್ತೀವಿ. ಹತ್ತರಲ್ಲಿ ಅರ್ಧ ಎಷ್ಟು?"

"ಐದು... ಅಯ್ಯೋ! ಅದಕ್ಕೇ 0.5!"

"ಎರಡು ನಿಮಿಷದ ಮಾತು. ಯಾಕೆ ಕೇಳ್ಲಿಲ್ಲ?"

ಯಶೋಧರಾ ತಲೆ ತಗ್ಗಿಸಿದಳು. ಹಿಂದಿನ ಬೆಂಚಿನಲ್ಲಿ ನಗು ಕೇಳಿಸುತ್ತದೆಂದು ಕಾದಳು. ಕೇಳಿಸಲಿಲ್ಲ.

ಸಂಜೆ ತಾತನಿಗೆ ಎಲ್ಲವನ್ನೂ ಹೇಳಿದಳು. ತಾತ ಗಾಬರಿಯಾಗಿ ಟ್ರಂಕಿನಿಂದ ಪಹಣಿ ತೆಗೆದರು.

"ಅಂಗಾರೆ ನಮ್ಮ ಹೊಲ ಕಮ್ಮಿ ಆಗೋಯ್ತೇನವ್ವ?"

"ಇಲ್ಲ ತಾತ, ಹೊಲ ಅಷ್ಟೇ ಐತೆ. ನಾನೇ ತಪ್ಪು ತಿಳ್ಕಂಡಿದ್ದೆ."

ಹೇಳಿದ ಮೇಲೆ ಮನಸ್ಸು ಹಗುರಾಯಿತು. ಅವಳು ನೋಟ್‌ಬುಕ್ ತೆಗೆದು ಮೂಲೆ ಮಡಚಿದ ಪುಟಗಳನ್ನು ನೋಡಿದಳು. ಇನ್ನೂ ನಾಲ್ಕು ಇದ್ದವು. ಎಂಟ್ರೆನ್ಸ್‌ಗೆ ಐದು ದಿನ ಇತ್ತು.

ಬೆಳಿಗ್ಗೆ ಕೊಣನೂರು ಬಸ್ಸಿನಲ್ಲಿ ಮೇಷ್ಟ್ರು ಬರುವ ಹೊತ್ತಿಗೆ ಸರಿಯಾಗಿ ಯಶೋಧರಾ ನೋಟ್‌ಬುಕ್ ಹಿಡಿದು ಸ್ಟಾಪಿಗೆ ಓಡಿದಳು. ಅವಳಿಗಿಂತ ಮೊದಲೇ ಅಲ್ಲಿ ದಿಲೀಪ್ ನಿಂತಿದ್ದ. ಅವಳನ್ನು ಕಂಡು ಕೈಯಲ್ಲಿದ್ದ ಪುಸ್ತಕವನ್ನು ಬೆನ್ನ ಹಿಂದೆ ಅಡಗಿಸಿದ.

"ಏನ್ಲಾ ಅದು?"

"ಏನಿಲ್ಲ... ಆ 0.5 ಲೆಕ್ಕ. ನಂಗಿನ್ನೂ ಅರ್ಥ ಆಗಿಲ್ಲ ಕಣೆ."

ಅವತ್ತು ನಕ್ಕಾಗಲೂ ಇವನಿಗೆ ಗೊತ್ತಿರಲಿಲ್ಲ ಎಂದು ಯಶೋಧರಾಗೆ ಆಗ ಹೊಳೆಯಿತು. ಅವಳಿಗೆ ನಗು ಬರಲಿಲ್ಲ. ಜರುಗಿ ಅವನ ಪಕ್ಕದಲ್ಲಿ ನಿಂತಳು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು.

"ಮೊದ್ಲು ನೀನೇ ಕೇಳು," ಎಂದಳು.