ಹೆಸರಿಗೊಬ್ಬ ಸಾಕ್ಷಿ

ಪಾರ್ಸೆಲ್ ಕಚೇರಿಯವನು ಗುರುತಿನ ಚೀಟಿಯನ್ನೊಮ್ಮೆ, ಫೆರಾಯ್‌ಳ ಮುಖವನ್ನೊಮ್ಮೆ ನೋಡಿದ. ಚೀಟಿಯಲ್ಲಿದ್ದ ಗಂಡು ಹೆಸರನ್ನು ಇಡೀ ಸಾಲಿಗೆ ಕೇಳುವಂತೆ ಓದಿದ.

"ಇದು ಯಾರದಮ್ಮಾ? ನಿಮ್ಮಣ್ಣಂದಾ?"

ಅವಳ ಕಿವಿ ಬಿಸಿಯಾಯಿತು. 'ನಂದೇ' ಅನ್ನಬೇಕು...

"ಫೋಟೋ ಸರಿಯಿದೆಯಲ್ಲಣ್ಣ, ಕೊಟ್ಟು ಕಳಿಸು," ಎಂದಿತು ಬೆನ್ನ ಹಿಂದಿನ ದನಿ. "ವಂಶವೃಕ್ಷ ಬರೀತಾ ಕೂತ್ಕೋಬೇಡ. ನಮಗೂ ಕೆಲಸ ಇದೆ."

ಸಾಲು ನಕ್ಕಿತು. ಪಾರ್ಸೆಲ್ ಕೈಗೆ ಬಂತು.

ಫೆರಾಯ್ ಆ ದನಿಯವನಿಗಾಗಿ ಹೊರಗೆ ಕಾದು ನಿಂತಳು. ಬಂದವನ ಉಗುರುಗಳಲ್ಲಿ ಇಂಜಿನ್ ಎಣ್ಣೆಯ ಕಪ್ಪು.

"ಥ್ಯಾಂಕ್ಸ್. ಆ ಹೆಸರು..."

"ಅದನ್ನ ಬಿಡಿ. ನಿಮ್ಮ ಹೆಸರು ನೀವೇ ಹೇಳಿ."

"ಫೆರಾಯ್."

"ನಾನು ತಾಹ್ಸಿನ್. ಮೀನುದೋಣಿಗಳ ಇಂಜಿನ್ ರಿಪೇರಿ ಮಾಡ್ತೀನಿ."

ಆ ಹಳೆಯ ಹೆಸರು ಮುಂದೆಂದೂ ಅವನ ಬಾಯಲ್ಲಿ ಬರಲಿಲ್ಲ. ಈ ಕಥೆಯಲ್ಲೂ ಬರುವುದಿಲ್ಲ.

ಇಜ್ಮಿರ್ ಕೊಲ್ಲಿಯ ದಡದಲ್ಲಿ ಚಹಾ, ಭಾನುವಾರದ ದೋಣಿ ಸುತ್ತಾಟ... ವಸಂತ ಬರುವಷ್ಟರಲ್ಲಿ ಇಬ್ಬರಿಗೂ ಇನ್ನೊಬ್ಬರಿಲ್ಲದೆ ಸಂಜೆ ಕಳೆಯುವುದು ಕಷ್ಟವಾಯಿತು. ಪ್ರೀತಿ ಎಂದು ಮಾತ್ರ ಯಾರೂ ಬಾಯಿಬಿಡಲಿಲ್ಲ.

"ಹೆಸರು ಯಾವಾಗ ಬದಲಾಯಿಸ್ತೀಯೇ?" ಮನೆ ಮಾಲಕಿ ನಜೀರಕ್ಕ ಆಗಾಗ ಕೇಳುತ್ತಿದ್ದಳು.

"ಆಪರೇಷನ್ ಆಗಲಿ ಅಕ್ಕ. ಆಗ ಹೆಸರೂ ಲಿಂಗವೂ ಒಂದೇ ಸಲ. ಎರಡೆರಡು ಸಲ ಜಡ್ಜ್ ಮುಂದೆ ನಿಲ್ಲೋಕೆ ನನ್ನಿಂದಾಗಲ್ಲ."

ಅದು ಅರ್ಧ ಸತ್ಯ. ಇನ್ನರ್ಧ ಊರಿನಲ್ಲಿದ್ದ ಅಮ್ಮ. ಮಗಳು ಮಗಳೇ ಎಂದು ಒಪ್ಪಿಕೊಳ್ಳಲು ಅಮ್ಮ ಎಷ್ಟೋ ಅತ್ತಿದ್ದಳು. ಅವಳಿಟ್ಟ ಹೆಸರನ್ನೂ ಅಳಿಸಿಹಾಕುವುದೇ?

ಆದರೆ ಫೆರಾಯ್‌ಳ ಫಿಸಿಯೋಥೆರಪಿ ಓದು ಮುಗಿಯುತ್ತಿತ್ತು. ಪದವಿ ಪತ್ರದಲ್ಲಿ ಹಳೆಯ ಹೆಸರು ಅಚ್ಚಾದರೆ, ಕೆಲಸ ಕೇಳಿಕೊಂಡು ಹೋದ ಪ್ರತಿ ಆಸ್ಪತ್ರೆಯಲ್ಲೂ ಅದೇ ನೋಟ, ಅದೇ ಪ್ರಶ್ನೆ.

ಧೈರ್ಯ ಮಾಡಿ ಅಮ್ಮನಿಗೆ ಫೋನ್ ಮಾಡಿದಳು. "ಅಮ್ಮಾ, ನೀನಿಟ್ಟ ಹೆಸರು..."

"ನಾನೆಲ್ಲಿ ಇಟ್ಟೆ?" ಅಮ್ಮ ಸಿಡುಕಿದಳು. "ಅದು ನಿಮ್ಮಜ್ಜ ಇಟ್ಟಿದ್ದು. ನನ್ನನ್ನ ಯಾರು ಕೇಳಿದ್ರು? ಹೊಸದು ಏನು, ಹೇಳು."

"ಫೆರಾಯ್."

"ಹೂಂ... ಕೂಗೋಕೆ ಸುಲಭ ಇದೆ."

ಫೆರಾಯ್ ಫೋನ್ ಹಿಡಿದುಕೊಂಡೇ ನಕ್ಕಳು, ಅತ್ತಳು. ಮಾರನೆಯ ದಿನವೇ ವಕೀಲರಲ್ಲಿಗೆ ಹೋದಳು. ಫೆರಾಯ್ ಎಂಬ ಹೆಸರಿನಿಂದಲೇ ಅವಳನ್ನು ಬಲ್ಲ ಇಬ್ಬರು ಸಾಕ್ಷಿಗಳು ಬೇಕಿತ್ತು. ಒಬ್ಬಳು ನಜೀರಕ್ಕ. ಇನ್ನೊಬ್ಬ...

"ನೀನೇ ಬರಬೇಕು," ಎಂದಳು ತಾಹ್ಸಿನ್‌ಗೆ.

ಅವನ ಮುಖ ಬಿಳುಚಿತು. "ಕೋರ್ಟಿಗಾ? ಇನ್ನೊಂದಿಷ್ಟು ತಿಂಗಳು ಕಾಯೋಕಾಗಲ್ವಾ?"

"ಅಷ್ಟರಲ್ಲಿ ಪದವಿ ಪತ್ರ ಅಚ್ಚಾಗಿರುತ್ತೆ."

ಅವನು ನೆಲ ನೋಡಿದ.

"ಅರ್ಥವಾಯ್ತು," ಎಂದಳು ಅವಳು. "ದೋಣಿಯಲ್ಲಿ ಪಕ್ಕ ಕೂರೋಕಾಗುತ್ತೆ. ಜನರ ಮುಂದೆ ನಿಲ್ಲೋಕೆ ನಾಚಿಕೆ."

"ಹಾಗಲ್ಲ ಫೆರಾಯ್..."

ಅವಳು ನಿಲ್ಲಲಿಲ್ಲ. ಅವನ ಕರೆಗಳನ್ನೂ ಎತ್ತಲಿಲ್ಲ. 'ಇವನೂ ಎಲ್ಲರ ಹಾಗೇ...'

ವಿಚಾರಣೆಯ ದಿನ ಎರಡನೆಯ ಸಾಕ್ಷಿಯಿಲ್ಲದೆಯೇ ನಜೀರಕ್ಕನ ಕೈಹಿಡಿದು ಬಂದಾಗ ಕೋರ್ಟಿನ ಮೆಟ್ಟಿಲ ಬಳಿ ತಾಹ್ಸಿನ್ ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ.

"ಸಾಕ್ಷಿಗಳ ಪಟ್ಟಿಯಿಂದ ಇವನ ಹೆಸರು ತೆಗೀಬೇಡಿ ಅಂತ ವಕೀಲರಿಗೆ ನಾನೇ ಹೇಳಿದ್ದೆ," ಎಂದಳು ನಜೀರಕ್ಕ. "ಬೈಯೋದಾದ್ರೆ ಆಮೇಲೆ ಬೈಯಿ. ಮೊದಲು ಕೇಳು."

"ನಾನು ಕಡ್ಡಾಯ ಸೇನಾ ಸೇವೆಗೆ ಹೋಗದೆ ತಪ್ಪಿಸ್ಕೊಂಡು ತಿರುಗ್ತಿದ್ದೆ," ತಾಹ್ಸಿನ್ ಮೆಲ್ಲನೆ ಹೇಳಿದ. "ಪೊಲೀಸ್ ಕಂಡ್ರೆ ಬೀದಿ ದಾಟ್ತಿದ್ದೆ. ಕೋರ್ಟಲ್ಲಿ ಗುರುತಿನ ಚೀಟಿ ಕೊಟ್ರೆ ಸಿಕ್ಕಿಬೀಳ್ತೀನಿ ಅಂತ ಭಯ. ಕೊನೆಗೆ ನಾನೇ ಹೋಗಿ ಒಪ್ಪಿಕೊಂಡೆ. ದಂಡ ಹಾಕಿದ್ರು. ಬೇಸಿಗೆ ಮುಗಿದ ಮೇಲೆ ಸೇರಬೇಕು."

"ಅವತ್ತೇ ಯಾಕೆ ಹೇಳಲಿಲ್ಲ?"

"ನೀನು ಅಷ್ಟು ಧೈರ್ಯವಾಗಿ ಹೊರಟಿದ್ದೆ. ನಾನು ಹೇಡಿ ಅಂತ ಹೇಗೆ ಹೇಳ್ಲಿ?"

ಎಷ್ಟೋ ದಿನದಿಂದ ಎದೆಯ ಮೇಲೆ ಕೂತಿದ್ದ ಭಾರ ಜಾರಿಹೋಯಿತು... ಅವನದು ನಾಚಿಕೆಯಲ್ಲ, ಅವಳದೇ ಥರದ ಭಯ.

ಒಳಗೆ ನ್ಯಾಯಾಧೀಶೆ ಕನ್ನಡಕದ ಮೇಲಿಂದ ತಾಹ್ಸಿನ್‌ನನ್ನು ನೋಡಿದರು. "ಇವರನ್ನ ಏನಂತ ಕರೀತೀರಿ?"

"ಫೆರಾಯ್ ಅಂತ. ಬೇರೆ ಯಾವ ಹೆಸರಲ್ಲೂ ಕರೆದಿಲ್ಲ."

"ಇವರು ನಿಮಗೇನಾಗಬೇಕು?"

ತಾಹ್ಸಿನ್ ಫೆರಾಯ್‌ಳತ್ತ ತಿರುಗಿದ. "ಅವಳು ಒಪ್ಪಿದ್ರೆ... ಎಲ್ಲಾ ಆಗಬೇಕು, ಮೇಡಂ."

ನಜೀರಕ್ಕ ಕೆಮ್ಮಿದಳು. ನ್ಯಾಯಾಧೀಶೆ ತುಟಿ ಬಿಗಿಹಿಡಿದರು. "ಅದನ್ನ ಹೊರಗೆ ಹೋಗಿ ಕೇಳಿ. ಗುಮಾಸ್ತರೇ, 'ಪರಿಚಿತರು' ಅಂತ ಬರೆದುಕೊಳ್ಳಿ."

ಸ್ವಲ್ಪ ಹೊತ್ತಿನಲ್ಲೇ ತೀರ್ಪು ಬಂತು. ಅವಳ ಹೆಸರು ಇನ್ನು ಫೆರಾಯ್.

ಹೊರಗೆ ಬಿಸಿಲು, ಸಮುದ್ರದ ಗಾಳಿ. ಅವಳು ಉಸಿರೆಳೆದುಕೊಂಡಳು, ಬಹಳ ಕಾಲದ ನಂತರ ಎದೆ ತುಂಬ.

"ಹೊರಗೆ ಕೇಳು ಅಂದ್ರಲ್ಲ," ಎಂದ ತಾಹ್ಸಿನ್. "ಕೇಳ್ತಿದೀನಿ."

"ಕಾನೂನಿನ ಮದುವೆಗೆ, ಚೀಟಿಯಲ್ಲಿ ಲಿಂಗ ಬದಲಾಯಿಸೋ ಇನ್ನೊಂದು ಕೇಸು ಬಾಕಿ ಇದೆ. ಆಪರೇಷನ್ನೂ ಆಗಬೇಕು. ಯಾವಾಗ ಅಂತ ನನಗೇ ಗೊತ್ತಿಲ್ಲ."

"ನಿನಗೆ ಯಾವಾಗ ಬೇಕೋ ಆಗ."

"ನೀನು ಸೇನೆಯಿಂದ ಬಾ. ಅಷ್ಟರೊಳಗೆ ಯೋಚಿಸ್ತೀನಿ."

"ಒಪ್ಪೋದೋ ಬೇಡ್ವೋ ಅಂತಾನಾ?"

ಫೆರಾಯ್ ಅವನ ಕೈಗೆ ಕೈ ಕೊಟ್ಟಳು.

"ಅದನ್ನ ಯಾವತ್ತೋ ಒಪ್ಪಾಯ್ತಲ್ಲೋ, ಪೆದ್ದ. ಯೋಚಿಸೋದು ಆಪರೇಷನ್ ಯಾವಾಗ ಅನ್ನೋದನ್ನ."